ದೂರಾನಾ? ಹೂಂ, ಇಲ್ಲೇಯ

ನಮ್ಮನೇಲಿ ಇಂಥವು ಯಾವತ್ತೋ ಒಂದಿನ ನಡೆಯೋವಲ್ಲ ಕಣ್ರಪ್ಪಾ, ಬೆಳಗೆದ್ರೆ ನಡೀತವೆ. ಹಲ್ಲುಜ್ಜೋದ್ರೊಳಗೆ ಒಂದು, ತಿಂಡಿ ತಿನ್ನೋದ್ರೊಳಗೆ ಇನ್ನೊಂದು. ನೀವು ನಗ್ತೀರ. ನಗ್ರಿ, ನಾನೂ ನಗ್ತೀನಿ, ಯಾರ್ ಬ್ಯಾಡ ಅಂದ್ರು? ಆದ್ರೆ ಈ ನಗೋ ಕತೇಲೇ ನಂದೊಂದು ಕಾಲೇಜ್ ಸೀಟು ಕೈ ಬುಟ್ಟೋಯ್ತು. ಅದ್ನ ನೆನಪಲ್ಲಿಟ್ಕಂಡು ನಗ್ರಿ, ಅಷ್ಟೇ ಸಾಕು.

ಅಜ್ಜಿ ಕಾನೂನು

ನಮ್ಮೂರು ಅಕ್ಕಿಹೆಬ್ಬಾಳಿನ ಪಕ್ಕ. ಮನೇಲಿ ಅಜ್ಜಿ, ಅಪ್ಪ, ಅವ್ವ, ನಾನು, ನಾಕ್ ಜನ. ಕೊಟ್ಟಿಗೇಲಿರೋ ಹಸೀನೂ ಸೇರ್ಸಿದ್ರೆ ಐದು. ಸೇರಿಸ್ಲೇಬೇಕು, ಯಾಕೆ ಅಂತ ಕೊನೇಲಿ ಗೊತ್ತಾಯ್ತದೆ.

ಅಜ್ಜಿ ಅಂದ್ರೆ ಅಪ್ಪನ್ನ ಹೆತ್ತೋಳು. ಅವ್ಳದು ಒಂದು ಕಾನೂನು. ಮನೆಯಿಂದ ಹೊಂಟೋರ್ನ ‘ಎಲ್ಗೆ?’ ಅಂತ ಕೇಳ್ಬಾರ್ದು. ಕೇಳುದ್ರೆ ಹೋದ ಕೆಲ್ಸ ಕೆಡ್ತದೆ. ಬಾಯ್ತಪ್ಪಿ ಕೇಳೇಬುಟ್ರೆ, ಹೊಂಟೋರು ವಾಪಸ್ ಒಳಕ್ಕೆ ಬಂದು, ಕುಂತು, ಒಂದ್ ಲೋಟ ನೀರ್ ಕುಡ್ದು ಹೊಸದಾಗಿ ಹೊರಡ್ಬೇಕು. ಎಲ್ಲಾರ ಮನೇಲೂ ಈ ಮಾತದೆ, ಗೊತ್ತು. ಆದ್ರೆ ಅಲ್ಲೆಲ್ಲ ಸುಮ್ನೆ ಮಾತು. ನಮ್ಮನೇಲಿ ಅದು ಪೊಲೀಸ್ ಕೇಸು! ತಡೆಯೋಕಾಗ್ದೆ ಕೇಳ್ಲೇಬೇಕು ಅಂದ್ರೆ ‘ದೂರಾನಾ?’ ಅನ್ಬೌದು. ಅದ್ಕೆ ಹೊಂಟೋರು ‘ಹೂಂ, ಇಲ್ಲೇಯ’ ಅನ್ಬೇಕು. ದೂರಕ್ಕೂ ಅದೇ, ಹತ್ರಕ್ಕೂ ಅದೇ. ಹಿತ್ಲಿಗೋದ್ರೂ ಇಲ್ಲೇಯ, ಕಾಶಿಗೋದ್ರೂ ಇಲ್ಲೇಯ.

ಒಂದ್ಸಲ ಅಜ್ಜೀನೇ ಬ್ಯಾಗ್ ಹಿಡ್ಕಂಡು ಹೊಂಟ್ಲು.

“ದೂರಾನಾ ಅತ್ತೆ?” ಅಂದ್ಲು ಅವ್ವ.

“ಹೂಂ, ಇಲ್ಲೇಯ.”

ಮಧ್ಯಾನ ಬರ್ಲಿಲ್ಲ. ಸಂಜೆ ಬರ್ಲಿಲ್ಲ. ಅವ್ವ ಮೂರ್ ದಿನ ಅವ್ಳ ಪಾಲಿನ ಮುದ್ದೆ ಕಟ್ಟಿ ಕಟ್ಟಿ ಹಸೀಗಾಕಿದ್ಲು. ಮೂರ್ನೇ ದಿನ ಬಂದ್ಲು, ನಾಗಮಂಗಲದಲ್ಲಿರೋ ಮಗಳ ಮನೇಲಿದ್ಲಂತೆ. ಬಂದೋಳು ಜಗಲಿ ಮೇಲೆ ಕುಂತು ಅಪ್ಪಂಗೆ ಸುರು ಮಾಡ್ಕಂಡ್ಲು:

“ಮೂರ್ ದಿನ ಆಯ್ತಲ್ಲಾ, ಅವ್ವ ಎಲ್ಲೋದ್ಲು ಅಂತ ಒಬ್ರಾದ್ರೂ ಉಡುಕುದ್ರೇನ್ಲಾ? ಸತ್ತೋಗಿದ್ರೆ ಏನ್ ಮಾಡ್ತಿದ್ರಿ?”

ಅಪ್ಪ ಕೈ ಮುಗ್ದ. “ಹುಡ್ಕೋಕೆ ಎಲ್ಗೋಗಿದ್ದೀಯ ಅಂತ ಗೊತ್ತಿರ್ಬೇಕಲ್ಲವ್ವ!”

ಮಿಲಿಟ್ರಿ ಓಟ

ಪಿಯುಸಿ ಮುಗೀತು. ಪೇಟೆ ಟೈಲರ್ ಚಾಚಾನ ಮಗ, ನಾನು, ಇಬ್ರೂ ಎಲ್ಡ್ ವರ್ಸ ಒಂದೇ ಬೆಂಚಲ್ಲಿ ಕುಂತೋರು. ಪೇಟೆ ಅಂದ್ರೆ ಕೆ.ಆರ್.ಪೇಟೆ, ನಾವು ಅದ್ಕೆ ಪೇಟೆ ಅಂತ್ಲೇ ಅನ್ನೋದು. ಇಬ್ರೂ ಮಿಲಿಟ್ರಿಗೋಗೋದು ಅಂತ ತೀರ್ಮಾನ ಮಾಡ್ಬುಟ್ವಿ. ಅವ್ನು ಆವತ್ತೇ ಮನೇಲಿ ಹೇಳ್ದ. ಅಷ್ಟೇ! ಇಡೀ ಮನೆ ಮಿಲಿಟ್ರಿಗೆ ಹೊಂಟಂಗಾಯ್ತು. ಚಾಚಾ ಮೊಬೈಲಲ್ಲಿ ಟೈಮ್ ಹಿಡ್ಕಂಡು ಮೈದಾನದಲ್ಲಿ ನಿಂತ್ಕಂತಿದ್ರು, ಚಾಚಿ ದಿನಾ ಮೊಟ್ಟೆ ಬೇಯ್ಸೋರು, ಅವ್ನ ತಂಗಿ ಸೈಕಲ್ಲಲ್ಲಿ ಹಿಂದಿಂದೆ ಬಂದು “ಭಾಗ್ ಭಾಯ್ ಭಾಗ್” ಅಂತ ಕಿರುಚೋಳು.

ನಾನು? ನಾನು ಯಾರ್ಗೂ ಹೇಳ್ಲಿಲ್ಲ. ಯಾರೂ ಕೇಳ್ಲೂ ಇಲ್ಲ. ದಿನಾ ಐದೂವರೆಗೆ ಎದ್ದು ಬಾಗ್ಲು ತೆಗ್ದು ನಾಲೆ ಏರಿ ಮೇಲೆ ಓಟ.

ಕೇಳ್ಬಾರ್ದು ಅಂತ ಕಾನೂನದೆ, ನೋಡ್ಬಾರ್ದು ಅಂತ ಇಲ್ವಲ್ಲ. ಅಜ್ಜಿ ನೋಡ್ತಾನೇ ಇದ್ಲು. ಮೊಮ್ಮಗ ಎದ್ದೇಟ್ಗೆ ಹೊರಕ್ಕೋಡ್ತಾನೆ, ಅರ್ಧ ಗಂಟೆ ಬುಟ್ಟು ಬೆವ್ರು ಸುರಿಸ್ಕಂಡು, ಹೊಟ್ಟೆ ಹಿಡ್ಕಂಡು, ಸುಸ್ತಾಗಿ ಬತ್ತಾನೆ. ಅವ್ಳಿಗೆ ಅದ್ಕೆ ಒಂದೇ ಅರ್ಥ ಹೊಳೀತು. ಮಾರ್ನೇ ದಿನದಿಂದ ನಂಗೆ ಮುದ್ದೆ ಬಂದ್, ಕೋಳಿ ಸಾರು ಬಂದ್. ಮೂರೊತ್ತೂ ಗಂಜಿ, ಮೆಂತ್ಯ ಹಾಕಿದ್ ಮಜ್ಜಿಗೆ!

“ಕುಡೀಲಾ, ಒಟ್ಟೆ ನಿಲ್ತದೆ” ಅನ್ನೋಳು.

ಅಲ್ಲಿ ಗೆಳೆಯ ಮೊಟ್ಟೆ ತಿಂದು ಕುದುರೆ ಆಗ್ತಾವ್ನೆ, ಇಲ್ಲಿ ನಾನು ಗಂಜಿ ಕುಡ್ದು ಬಾಣಂತಿ ಆಗ್ತಾವ್ನಿ. ಆದ್ರೂ ಓಡ್ದೆ, ಎಲ್ಡ್ ತಿಂಗ್ಳು ಬುಡ್ದೆ ಓಡ್ದೆ. ಭರ್ತಿ ದಿನ ಬಂತು, ‘ಇಲ್ಲೇಯ’ ಅಂದು ಹೋದೆ. ಓಟಕ್ಕೆ ಮೊದ್ಲೇ ಎತ್ತರ ನೋಡೋ ಕಂಬದ ತಾವ ನಿಲ್ಲಿಸಿದ್ರು. ಒಂದಿಂಚು ಕಮ್ಮಿ! ಮನೇಲಿ ಅಳ್ದಿದ್ನಲ್ಲಾ ಅಂದ್ರೆ, ಗುಟ್ಟಲ್ವಾ, ಟೇಪ್ ಹಿಡ್ಯೋಕೆ ಯಾರ್ನ ಕರೀಲಿ? ನಾನೇ ಗೋಡೆಗೆ ನಿಂತು ನಾನೇ ತಲೆ ಮೇಲೆ ಪೆನ್ಸಿಲ್ ಗೀಟು ಹಾಕ್ಕಂಡಿದ್ದೆ. ಚಪ್ಲಿ ಬಿಚ್ಚಿರ್ಲಿಲ್ಲ.

ಗೆಳೆಯ ಪಾಸಾದ. ಸಂತೋಸ ಹೇಳೋಕೆ ಅಂಗ್ಡಿಗೋದ್ರೆ, ಚಾಚಾ ಮಿಷನ್ ತುಳ್ಯೋದು ನಿಲ್ಸಿ ನನ್ನ ಮೇಲಿಂದ ಕೆಳಗಂಟ ನೋಡುದ್ರು.

“ಅರೆ ಬೇಟಾ, ಒಂದ್ ಮಾತ್ ಕೇಳೋದಲ್ವಾ? ಎಲ್ಡ್ ವರ್ಸದಿಂದ ನಿನ್ ಪ್ಯಾಂಟ್ ಹೊಲೀತಾ ಇರೋದ್ ಯಾರು? ನೀನು ಮಿಲಿಟ್ರಿಗೆ ಒಂದಿಂಚು ಕಮ್ಮಿ ಅಂತ ಸರ್ಕಾರಕ್ಕಿಂತ ಮೊದ್ಲೇ ನಂಗೊತ್ತಿತ್ತು!”

ಕರಿಘಟ್ಟದ ಮೆಟ್ಲು

ಮಿಲಿಟ್ರಿ ಆಸೆ ಗೆಳೆಯಂದು ಅನ್ನಿ, ನಂಗೆ ಅಂಟ್ಕಂಡಿತ್ತು. ನನ್ನದೇ ಅನ್ನೋ ಆಸೆ ಆಮೇಲೆ ಸಿಕ್ತು.

ಎಂಟ್ನೇ ಕ್ಲಾಸಿಂದ ನಾನು ನಮ್ಮೂರ ಹಾಲಿನ ಡೈರೀಲಿ ಬೆಳಗ್ಗೆ ಸೆಕ್ರೆಟ್ರಿ ಅಣ್ಣಂಗೆ ಕೈ ಜೋಡಿಸ್ತಿದ್ದೆ. ಹಾಲು ಮಿಷನ್ನಿಗಾಕೋದು, ಫ್ಯಾಟ್ ಎಷ್ಟು ಅಂತ ಬರ್ಕೊಳೋದು. ಬರ್ತಾ ಬರ್ತಾ ನಂಗೆ ಮಿಷನ್ನೇ ಬ್ಯಾಡ ಆಯ್ತು. ಕ್ಯಾನಿಂದ ಸುರಿಯೋವಾಗ ಸದ್ದು ಕೇಳುದ್ರೆ ಸಾಕು, ಯಾರ ಮನೇಲಿ ನೀರ್ ಬೆರ್ಸವ್ರೆ ಅಂತ ಹೇಳ್ಬುಡ್ತಿದ್ದೆ. ಒಂದಿನ ಅಣ್ಣ ಅಂದ:

“ಲೇ, ಇದನ್ನೇ ಓದ್ಬೌದು ಕಣ್ಲಾ. ಶ್ರೀರಂಗಪಟ್ಟಣದ ತಾವ ಒಂದ್ ಕಾಲೇಜಲ್ಲಿ ಡೈರಿ ಕೋರ್ಸದೆ.”

ಅಯ್ಯಪ್ಪಾ, ಹಾಲಿಗೂ ಕಾಲೇಜದಾ! ಎಲ್ಲಾರೂ ‘ಮುಂದೇನ್ಲಾ’ ಅನ್ನೋವಾಗ ಹೊಟ್ಟೇಲಿ ಒಂದು ಕಲ್ಲು ಕುಂತಿರ್ತಿತ್ತಲ್ಲ, ಅದು ಎದ್ದೋಯ್ತು. ಪೇಟೆ ಸೈಬರ್‌ಗೋಗಿ ಅರ್ಜಿ ಹಾಕ್ಬುಟ್ಟೆ. ಮನೇಲಿ ಹೇಳ್ಲಿಲ್ಲ, ಕೆಲ್ಸ ಆಗೋಗಂಟ ಬಾಯ್ಬುಡ್ಬಾರ್ದಲ್ಲ.

ಅವ್ವಂಗೆ ವಾಸ್ನೆ ಬಡೀತು. ಕೇಳ್ಲಿಲ್ಲ, “ನಡೀ, ಕರಿಘಟ್ಟಕ್ಕೋಗಿ ಕೈ ಮುಗ್ದು ಬರನ” ಅಂದ್ಲು. ಮೆಟ್ಲು ಹತ್ತೋವಾಗ, “ನಂಗೇಳ್ಬ್ಯಾಡ ಕಣಪ್ಪ, ಸ್ವಾಮಿಗೇಳು” ಅಂದ್ಲು. ಅರ್ಧ ಮೆಟ್ಲು ಹತ್ತಿ ಉಸ್ರು ಬುಡ್ತಾ ನಿಂತು ತಲೆ ಎತ್ತುದ್ರೆ, ಮೇಲಿಂದ ಹಣೆಗೆ ನಾಮ ಇಟ್ಕಂಡು, ಕಿವಿಗೆ ತುಳಸಿ ಸಿಗಿಸ್ಕಂಡು ಯಾರೋ ಇಳೀತಾವ್ರೆ. ಯಾರು? ಅಪ್ಪ! ಬೆಳಗ್ಗೆ ‘ಇಲ್ಲೇಯ’ ಅಂತ ಹೋದೋನು, ಗದ್ದೆಗೋದ ಅನ್ಕಂಡಿದ್ವಿ ನಾವು.

ಮೂರ್ ಜನಾನೂ ಕಲ್ಲಿನಂಗೆ ನಿಂತ್ಬುಟ್ವಿ. ನಾನು ಅಪ್ಪನ್ನ ನೋಡ್ತೀನಿ, ಅಪ್ಪ ಅವ್ವನ್ನ ನೋಡ್ತಾನೆ, ಅವ್ವ ಕೆಳಗೆ ಹರಿಯೋ ಲೋಕಪಾವನಿ ನೋಡ್ತಾಳೆ. ಕೊನೇಗೆ ಅಪ್ಪಾನೇ ಗಂಟ್ಲು ಸರಿ ಮಾಡ್ಕಂಡ.

“ದೂರಾನಾ?”

“ಹೂಂ, ಇಲ್ಲೇಯ” ಅಂದ್ಲು ಅವ್ವ, ಮುಂದಿನ ಮೆಟ್ಲು ಹತ್ತುದ್ಲು.

ವಾಪಸ್ ಬರೋವಾಗ ಮೂರೂ ಜನ ಒಂದೇ ಬಸ್ಸು, ಒಂದೇ ಸೀಟು. ಕಡ್ಲೆಕಾಯಿ ಹಂಚ್ಕಂಡು ತಿಂದ್ವಿ, ಬಿಸಿಲು ಜಾಸ್ತಿ ಅಂತ ಮಾತಾಡುದ್ವಿ, ಯಾಕ್ ಬಂದಿದ್ದೆ ಅಂತ ಒಬ್ರೂ ಕೇಳ್ಲಿಲ್ಲ. ಆಮೇಲೆ ಗೊತ್ತಾಯ್ತು. ಅಪ್ಪ ಬೇಡಿದ್ದು ನಾಗಮಂಗಲದಲ್ಲಿ ನಂಗೆ ಐಟಿಐ ಎಲೆಕ್ಟ್ರಿಷಿಯನ್ ಸೀಟು, ನಾನ್ ಬೇಡಿದ್ದು ಡೈರಿ ಸೀಟು. ಅವ್ವ ಮಾತ್ರ ಯಾರಿಗೂ ಮೋಸ ಆಗ್ಬಾರ್ದು ಅಂತ, “ಇವ್ರಿಬ್ರೂ ಏನೇನ್ ಬೇಡವ್ರೋ ಎಲ್ಡೂ ನಡೆಸ್ಕೊಡಪ್ಪಾ” ಅಂದಿದ್ಲಂತೆ. ಸ್ವಾಮಿ ನಡೆಸ್ಕೊಟ್ಟ. ಎಲ್ಡೂ ಸೀಟಿಗೆ ಒಂದೇ ದಿನ ಕರೆ ಬಂತು.

ಕಂಡಕ್ಟ್ರು

ಕರೆ ಬರೋಕೆ ಮುಂಚೆ ಒಂದ್ಸಲ ಕಾಲೇಜ್ ಎಂಗದೆ ನೋಡ್ಕಂಡು ಬರನ ಅಂತ ಒಬ್ನೇ ಹೊಂಟೆ. ಪೇಟೇಲಿ ಬಸ್ ಹತ್ತಿ ಕುಂತೆ. ಕಂಡಕ್ಟ್ರು ಬಂದು ನನ್ ಮಕ ನೋಡ್ದ.

“ಎಲ್ಗಪ್ಪ?”

ಅಯ್ಯೋ, ಏನ್ ಹೇಳ್ಲಿ! ಪರೀಕ್ಷೆ ಮುಗ್ದು ಅಷ್ಟ್ ದಿನ ಆಗಿತ್ತು, ನನ್ನ ಯಾರಾದ್ರೂ ‘ಎಲ್ಗೆ’ ಅಂತ ಕೇಳಿದ್ದು ಅದೇ ಮೊದ್ಲು. ಎಲ್ಲಾ ಹೇಳ್ಬುಟ್ಟೆ! ನಾಲೆ ಏರಿ ಓಟ, ಗಂಜಿ, ಚಪ್ಲಿ ಬಿಚ್ದೆ ಅಳ್ದಿದ್ದು, ಡೈರಿ ಅಣ್ಣ, ಹಾಲಿನ ಸದ್ದು, ಸೀಟ್ ಸಿಕ್ಕುದ್ರೆ ಓದಿ ಬಂದು ನಮ್ಮೂರಲ್ಲೇ ಮೊಸರು, ತುಪ್ಪ, ಪೇಡ ಮಾಡೋ ಘಟಕ ಹಾಕ್ತೀನಿ, ಅವ್ವಂಗೆ ಒಂದು ಕುರ್ಚಿ ಹಾಕಿ ಕುಂಡ್ರುಸ್ತೀನಿ, ಎಲ್ಲಾ. ಹಿಂದಿನ ಸೀಟಿನ ಅಜ್ಜ ಹೂಂಗುಟ್ಟೋಕೆ ಸುರು ಮಾಡ್ದ. ಪಕ್ಕದ ಅಕ್ಕ ಸೆರಗಲ್ಲಿ ಕಣ್ಣೊರೆಸ್ಕಂಡ್ಲು. ಕಂಡಕ್ಟ್ರು ಕಂಬಿಗೊರಗಿ ಪೂರ್ತಿ ಕೇಳ್ದ, ನಡುವೆ ಬಾಯೇ ಹಾಕ್ಲಿಲ್ಲ. ಪಾಂಡವಪುರ ಬಂತು. ನಾನು ಉಸ್ರು ತಕ್ಕಂಡೆ.

ಅವ್ನು ನನ್ ಭುಜದ ಮೇಲೆ ಕೈಯಿಟ್ಟ. “ಒಳ್ಳೇದಾಗ್ಲಿ ಕಣಪ್ಪ, ಪೇಡ ಮಾಡ್ದಾಗ ನಂಗೂ ಒಂದು ಕೊಡು. ಈಗ ಹೇಳು, ಇಳಿಯೋದೆಲ್ಲಿ? ಟಿಕೆಟ್ ಹರೀಬೇಕು.”

ಕ್ಯಾಂಡಿಡೇಟು

ಈಗ ಆ ದಿನ. ಇದ್ನ ಹೇಳೋವಾಗ ಇವತ್ತಿಗೂ ನಂಗೆ ನಗು ಬತ್ತದೆ, ಎಂಥಾ ಕರ್ಮ ನೋಡಿ.

ನಮ್ಮನೇಲಿ ಗೋಡೆ ಮೊಳೇಲಿ ಎಲ್ಡು ಬ್ಯಾಗ್ ನೇತಾಡ್ತಿದ್ವು. ಎಲ್ಡೂ ಒಂದೇ ಮದ್ವೇಲಿ ಕೊಟ್ಟ ತಾಂಬೂಲದ ಬ್ಯಾಗು, ಹಳದಿ ಬಣ್ಣ, ಮೇಲೆ ಅದೇ ಗಂಡು ಹೆಣ್ಣಿನ ಹೆಸ್ರು. ಒಂದ್ರಲ್ಲಿ ನನ್ ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ ಸರ್ಟಿಫಿಕೇಟು. ಇನ್ನೊಂದ್ರಲ್ಲಿ ಮನೆ ಕಾಗ್ದ ಪತ್ರ.

ಕಾಲೇಜಿಂದ ಮೆಸೇಜು ಬಂದಿತ್ತು. ಒಂದೇ ಒಂದು ಸೀಟು ಉಳ್ದದೆ, ವೈಟಿಂಗ್ ಲಿಸ್ಟಲ್ಲಿ ಮೊದ್ಲು ನನ್ ಹೆಸ್ರು, ಒರಿಜಿನಲ್ ತಕ್ಕಂಡು ಮಧ್ಯಾನ ಒಂದು ಗಂಟೆ ಒಳಗೆ ಬರ್ಬೇಕು. ಬೆಳಗ್ಗೆ ಸ್ನಾನ ಮಾಡಿ, ದೇವ್ರಿಗೆ ಕೈ ಮುಗ್ದು, ಮೊಳೇಲಿದ್ದ ಬ್ಯಾಗ್ ತಕ್ಕಂಡು ಹೊಂಟೆ. ಒಂದೇ ಬ್ಯಾಗಿತ್ತು. ಇನ್ನೊಂದೆಲ್ಲಿ ಅಂತ ಯೋಚ್ನೇನೇ ಬರ್ಲಿಲ್ಲ. ಬಿಚ್ಚಿ ನೋಡ್ಬೌದಿತ್ತು. ನೋಡ್ಲಿಲ್ಲ. ಹೊಂಟ್ಮೇಲೆ ಬ್ಯಾಗ್ ಬಿಚ್ಬಾರ್ದು, ಅದೂ ಅಜ್ಜಿ ಕಾನೂನೇ.

ಪೇಟೆ ಬಸ್ ಸ್ಟ್ಯಾಂಡಲ್ಲಿ ನೋಡ್ತೀನಿ, ಅಪ್ಪ! ನಂಗಿಂತ ಮುಂಚೆ ಮನೆ ಬುಟ್ಟಿದ್ದ. ಇಸ್ತ್ರಿ ಅಂಗಿ, ಕೈಲಿ ಹಳದಿ ಬ್ಯಾಗು. ನಾನು ಮನ್ಸಲ್ಲೇ, ‘ಪಾಪ, ಅಪ್ಪ ಮನೆ ಕಾಗ್ದ ತಕ್ಕಂಡು ಯಾವ್ದೋ ಆಫೀಸ್ ಅಲಿಯೋಕೆ ಹೊಂಟವ್ನೆ’ ಅನ್ಕಂಡೆ.

“ದೂರಾನಾಪ್ಪ?” ಅಂದೆ.

“ಹೂಂ, ಇಲ್ಲೇಯ. ನೀನು?”

“ಇಲ್ಲೇಯ.”

ಅವ್ನು ನಾಗಮಂಗಲದ ಬಸ್ ಹತ್ತುದ, ನಾನು ಶ್ರೀರಂಗಪಟ್ಟಣದ ಬಸ್ ಹತ್ತುದೆ. ಅವ್ನ ಬಸ್ಸು ಮೊದ್ಲು ಹೊಂಟ್ತು. ಕಿಟಕೀಲಿ ಬ್ಯಾಗ್ ಎತ್ತಿ ಹಿಡ್ದು ನಂಗೆ ಬೀಸ್ದ. ನಾನೂ ಖುಸಿಯಾಗಿ ಕೈ ಬೀಸ್ದೆ. ಬೀಸ್ತಾ ಇದ್ದದ್ದು ನನ್ ಮಾರ್ಕ್ಸ್ ಕಾರ್ಡು ಕಣ್ರಪ್ಪಾ! ನನ್ ಮಾರ್ಕ್ಸ್ ಕಾರ್ಡು ನಂಗೇ ಟಾಟಾ ಮಾಡ್ಕಂಡು ಹೋಯ್ತು!

ಕಾಲೇಜಲ್ಲಿ ಹನ್ನೊಂದು ಗಂಟೇಗೆ ಕಿಟಕಿ ಮುಂದೆ ನಿಂತೆ. ನನ್ ಹಿಂದೆ ಪಾಂಡವಪುರದ ಒಬ್ಳು ಹುಡ್ಗಿ, ವೈಟಿಂಗ್ ಲಿಸ್ಟಲ್ಲಿ ಎಲ್ಡ್ನೇಯೋಳು. ಅವ್ಳ ಕುಟೆ ಅಪ್ಪ, ಅವ್ವ, ಮಾವ, ಎಲ್ಲಾ ಬಂದಿದ್ರು. ಒಬ್ರ ಕೈಲಿ ಜೆರಾಕ್ಸು, ಒಬ್ರ ಕೈಲಿ ಗೋಂದು, ಒಬ್ರ ಕೈಲಿ ನೀರಿನ ಬಾಟ್ಲು. ಕಿಟಕಿ ಒಳಗೆ ಕುಂತಿದ್ದ ಸಾರ್ ಕೈ ಚಾಚುದ್ರು. ನಾನು ಬ್ಯಾಗ್ ಬಿಚ್ಚಿ, ಮೇಲಿದ್ದ ಕಾಗ್ದ ಭಕ್ತಿಯಿಂದ ಎಲ್ಡೂ ಕೈಲಿ ಕೊಟ್ಟೆ.

ಅವ್ರು ಕನ್ನಡಕ ಹಾಕ್ಕಂಡು ನೋಡುದ್ರು. ತೆಗ್ದು ನೋಡುದ್ರು. ಇನ್ನೊಂದ್ಸಲ ಹಾಕ್ಕಂಡ್ರು.

“ಕ್ಯಾಂಡಿಡೇಟ್ ಯಾರಪ್ಪ?”

“ನಾನೇ ಸಾರ್.”

“ಇಲ್ಲಿ ಫೋಟೋ ಅದೆ, ನಂಬರ್ ಅದೆ, ವಯಸ್ಸು ಆರು ವರ್ಸ ಅಂತದೆ, ಬಣ್ಣ ಕಪ್ಪು ಬಿಳಿ, ಬಲಗಿವಿ ಓಲೆ ಅಂತದೆ...”

ಕಾಗ್ದ ನನ್ ಕಡೆ ತಿರುಗ್ಸುದ್ರು. ನಮ್ಮ ಹಸ! ನಮ್ಮ ಹಸೀನ ಇನ್ಸೂರೆನ್ಸ್ ಪತ್ರ! ಕಿವೀಲಿ ಓಲೆ ಹಾಕ್ಕಂಡು, ಫೋಟೋದಲ್ಲಿ ನೆಟ್ಟಗೆ ನನ್ನೇ ನೋಡ್ತಾ ಇತ್ತು. ಬ್ಯಾಗ್ ಬುಡಮೇಲು ಮಾಡ್ದೆ. ಗದ್ದೆ ಪಹಣಿ, ಕರೆಂಟ್ ಬಿಲ್ಲು, ಅಜ್ಜಿ ಪಿಂಚಣಿ ಚೀಟಿ. ನನ್ನದು ಒಂದೂ ಇಲ್ಲ.

ಅಪ್ಪಂಗೆ ಫೋನ್ ಮಾಡುದ್ರೆ ಸ್ವಿಚ್ ಆಫು. ಒಳ್ಳೆ ಕೆಲ್ಸಕ್ಕೋಗೋವಾಗ ಯಾರಾದ್ರೂ ಫೋನ್ ಮಾಡಿ ‘ಎಲ್ಲಿದ್ದೀಯ’ ಅಂದ್ಬುಟ್ರೆ ಅಂತ ಆಫ್ ಮಾಡ್ಬುಡ್ತಾನೆ. ಅವ್ವಂಗೆ ಮಾಡ್ದೆ.

“ಅವ್ವಾ, ಅಪ್ಪ ಎಲ್ಗೋದ?”

“ಕೇಳ್ಲಿಲ್ಲ ಕಣಪ್ಪ.”

“ಸಾರ್, ಮೊಬೈಲಲ್ಲಿ ಫೋಟೋ ಅವೆ ಸಾರ್” ಅಂದೆ. “ಒರಿಜಿನಲ್ಲೇ ಬೇಕಪ್ಪ, ನನ್ ಕೈಲಿಲ್ಲ ಅದು” ಅಂದ್ರು. ಒಳ್ಳೇ ಮನ್ಸ, ಒಂದು ಗಂಟೆ ಆದ್ಮೇಲೂ ಕಾಲು ಗಂಟೆ ಕಾದ್ರು. ಒಂದೂಕಾಲಿಗೆ ಆ ಹುಡ್ಗಿ ಹೆಸ್ರು ಕೂಗುದ್ರು. ಅವ್ಳ ಮನೆಯೋರೆಲ್ಲ ಒಟ್ಟಿಗೆ “ಇದ್ದೀವಿ ಸಾರ್” ಅಂದ್ರು. ಅವ್ಳ ಅವ್ವ ಹೋಗೋವಾಗ ನನ್ ಕೈಗೆ ಎಲ್ಡು ಚಕ್ಲಿ ಇಟ್ಟು, “ಬೇಜಾರ್ ಮಾಡ್ಕಬ್ಯಾಡ ಮಗಾ, ಜೊತೇಲಿ ಯಾರೂ ಬರ್ಲಿಲ್ವಾ?” ಅಂದ್ಲು. ಹಸ ಬಂದದೆ ಅಂತ ಎಂಗೇಳ್ಲಿ?

ಸಂಜೆ ಅದೇ ಪೇಟೆ ಬಸ್ ಸ್ಟ್ಯಾಂಡು. ಅಪ್ಪ ಕಲ್ಲು ಬೆಂಚ್ ಮೇಲೆ ಕುಂತಿದ್ದ, ತೊಡೆ ಮೇಲೆ ಹಳದಿ ಬ್ಯಾಗು. ಅವ್ನದೂ ಕೆಟ್ಟಿತ್ತು. ನಾಗಮಂಗಲದಲ್ಲಿ ಕಾಗ್ದ ಎಲ್ಲಾ ಸರಿ ಅದೆ, ಸೈನ್ ಮಾಡೋಕೆ ಹುಡ್ಗ ಎಲ್ಲಿ ಅಂದ್ರಂತೆ. ಅಪ್ಪ, “ಎಲ್ಗೋದ ಅಂತ ಕೇಳ್ಲಿಲ್ಲ ಸಾರ್” ಅಂದ್ನಂತೆ. ಅಲ್ಲಿ ಕಾರ್ಡಿತ್ತು, ಹುಡ್ಗ ಇರ್ಲಿಲ್ಲ. ಇಲ್ಲಿ ಹುಡ್ಗ ಇದ್ದ, ಹಸ ಇತ್ತು, ಕಾರ್ಡಿರ್ಲಿಲ್ಲ.

ಎಲ್ಲಾ ಹೇಳ್ದೆ. ಅಪ್ಪ ತೊಡೆ ಮೇಲಿದ್ದ ಬ್ಯಾಗ್ ತೆಗ್ದು ನನ್ ಕೈಗಿಟ್ಟ.

“ಹಾಲಿನ ಓದು ಓದ್ಬೇಕು ಅಂತಿತ್ತೇನ್ಲಾ ನಿಂಗೆ?”

“ಹೂಂ.”

“ಬೆಳಗ್ಗೆ ಇಲ್ಲೇ ನಿಂತಿದ್ವಲ್ಲೋ ಮಗಾ, ಇದೇ ಬೆಂಚ್ ತಾವ. ಒಂದ್ ಮಾತು ಕೇಳ್ಬುಟ್ಟಿದ್ರೆ...”

ಚಕ್ಲಿ ಮುರ್ದು ಅರ್ಧ ಕೊಟ್ಟೆ. ತಿಂದ. ಅವ್ನ ಕಣ್ಣಲ್ಲಿ ನೀರಿತ್ತು, ಖಾರಕ್ಕೆ ಅಂದ. ಚಕ್ಲೀಲಿ ಖಾರ ಇರ್ಲಿಲ್ಲ.

ಎಲ್ಗಜ್ಜಿ?

ಈಗ ನಾನು ಪೇಟೇಲಿ ಬಿ.ಎ. ಓದ್ತಾವ್ನಿ. ಕ್ಲಾಸಲ್ಲಿ ರಾಜ್ರು ಯುದ್ಧ ಮಾಡ್ತಾ ಇರ್ತಾರೆ, ನಂಗೆ ಕಿಟಕಿ ಆಚೆ ಹಾಲಿನ ಲಾರಿ ಹೋದ ಸದ್ದಾದ್ರೆ ಕಿವಿ ಅತ್ಲಾಗೆ ತಿರುಗ್ತದೆ. ಮನೇಲಿ ಮಾತ್ರ ಆವತ್ತಿಂದ ಕಾನೂನು ಉಲ್ಟಾ. ಅಪ್ಪ ಕೇಳ್ತಾನೆ, ಅವ್ವ ಕೇಳ್ತಾಳೆ. ನಾನು ಬಚ್ಚಲಿಗೆ ಹೊಂಟ್ರೂ ಎಲ್ಡ್ ಕಡೆಯಿಂದ್ಲೂ “ಎಲ್ಗ್ಲಾ?” ಬಾಗ್ಲು ಹಾಕ್ಕಂಡ್ಮೇಲೆ ಒಳಗಿಂದ “ಇಲ್ಲೇಯ” ಅಂತ ಕೂಗ್ಬೇಕು. ಅಜ್ಜಿ ಒಬ್ಳೇ ಬಾಯ್ಬುಡ್ತಿರ್ಲಿಲ್ಲ. ಆವತ್ತಿನ ಇಷ್ಯ ತಿಳ್ದ್ಮೇಲೆ ಹಸೀನ ಪಕ್ಕ ಹೋಗಿ ಕುಂತ್ಬುಡ್ತಿದ್ಲು.

ಹೋದ ವಾರ ಒಂದಿನ ಬೆಳಗ್ಗೆ ನೋಡ್ತೀನಿ, ಅಜ್ಜಿ ಒಳ್ಳೆ ಸೀರೆ ಉಟ್ಕಂಡು, ಹಳದಿ ಬ್ಯಾಗ್ ಕಂಕುಳಲ್ಲಿ ಇಟ್ಕಂಡು ಹೊಸ್ತಿಲು ದಾಟ್ತಾವ್ಳೆ. ನನ್ ಬಾಯಿಂದ ಬಂದೇಬುಡ್ತು:

“ಎಲ್ಗಜ್ಜಿ?”

ಅಪ್ಪ ಹಲ್ಲುಜ್ಜೋದು ನಿಲ್ಸುದ. ಅವ್ವ ಮುದ್ದೆ ಕೋಲು ಹಿಡ್ಕಂಡು ಹೊರಕ್ಕೆ ಬಂದ್ಲು. ನಾನು ಹುಟ್ಟುದಾಗಿಂದ ಅವ್ಳಿಗೆ ಯಾರೂ ಆ ಮಾತು ಕೇಳಿರ್ಲಿಲ್ಲ. ಬೈತಾಳೆ ಅಂತ ನಾನು ಕಂಬ ಹಿಡ್ಕಂಡೆ. ಬೈಲಿಲ್ಲ. ವಾಪಸ್ ಒಳಕ್ಕೆ ಬಂದ್ಲು, ಕುಂತ್ಲು, ಲೋಟಕ್ಕೆ ಕೈ ಚಾಚುದ್ಲು. ನೀರ್ ಕೊಟ್ಟೆ. ನಿಧಾನಕ್ಕೆ ಪೂರ್ತಿ ಕುಡ್ದು ಸೆರಗಲ್ಲಿ ಬಾಯೊರೆಸ್ಕಂಡ್ಲು.

“ಸೀರಂಗಪಟ್ಣಕ್ಕೆ ಕಣ್ಲಾ. ಆ ಕಾಲೇಜ್ನೋರ್ನ ಕೇಳ್ಬತ್ತೀನಿ. ತಪ್ಪು ನಂದು, ಮೊಗಾದಲ್ಲ ಸ್ವಾಮಿ, ಬರೋ ವರ್ಸಕ್ಕಾದ್ರೂ ಅವನ್ಗೊಂದು ಸೀಟು ಇಡಿ ಅಂತ. ನಿನ್ ಕಾಗ್ದ ಎಲ್ಲಾ ತಕ್ಕಂಡಿವ್ನಿ, ನೋಡು.”

ಅಪ್ಪ ಬಾಯ್ತುಂಬ ನೊರೆ ಇಟ್ಕಂಡು ಆಕಾಸ ನೋಡ್ತಾವ್ನೆ. ಅಜ್ಜಿ ಕೈಯಿಂದ ಬ್ಯಾಗ್ ಇಸ್ಕಂಡು ಬಿಚ್ಚುದೆ.

ಮೇಲಿದ್ದ ಕಾಗ್ದದಲ್ಲಿ, ಕಿವೀಲಿ ಓಲೆ ಹಾಕ್ಕಂಡು, ಹಸ ನನ್ನೇ ನೋಡ್ತಾ ಇತ್ತು.